ದನ ಬೆದರದ ಗಿಡ್ಡ ಕೋವಿ

ಕೋವಿ ದುರಸ್ತಿಯ ಕೆಲಸಕ್ಕೆ ಹೊಸದಾಗಿ ಸೇರುವ ಹುಡುಗರು ನನ್ನ ಹತ್ತಿರ ಬಂದು ಸಂಬಳ, ರಜೆ, ಬಡ್ತಿ ಎಲ್ಲವನ್ನೂ ವಿಚಾರಿಸಿದ ಮೇಲೆ, ಬಾಗಿಲ ತನಕ ಹೋಗಿ ಮತ್ತೆ ತಿರುಗಿ ಬಂದು, ದನಿ ತಗ್ಗಿಸಿ ಒಂದು ಮಾತು ಕೇಳುತ್ತಾರೆ: "ಕೈಯಾಗೇ ಸಿಡಿದ್ರೆ ಏನ್ಮಾಡದು?" ಚಿತ್ರದುರ್ಗದ ಕೋವಿ ಉಗ್ರಾಣದಲ್ಲಿ ಇದ್ದಷ್ಟು ಕಾಲವೂ ದಿನಾ ಬೆಳಿಗ್ಗೆ ಅದೇ ಪ್ರಶ್ನೆಯನ್ನು ನನಗೆ ನಾನೇ ಕೇಳಿಕೊಂಡು ಬಾಗಿಲು ತೆಗೆದವನು ನಾನು. ಒಂದೂ ಸಿಡಿಯಲಿಲ್ಲ. ಆದರೆ ಸಿಡಿಯಬಹುದು ಎಂಬ ಯೋಚನೆಯಲ್ಲೇ ತಲೆಗೂದಲು ಉದುರಿತು. ಬಲಗಿವಿ ನನಗಿಂತ ಮುಂಚೆಯೇ ನಿವೃತ್ತಿ ಪಡೆಯಿತು. ಅದರ ಹಿಂದೆಯೇ, ಇನ್ನೂ ಮುದುಕನಾಗುವ ಮೊದಲೇ, ನನ್ನನ್ನೂ ಮನೆಗೆ ಕಳಿಸಿದರು. ಈಗ ಜಗಲಿಯ ಮೇಲೆ ಕೂತು, ಜಗಲಿ ಕುಸಿದರೆ ಏನು ಗತಿ ಎಂದು ಚಿಂತಿಸುವುದು ನನ್ನ ಉದ್ಯೋಗ.

ನಮ್ಮದು ಪೇಟೆಯಲ್ಲಿ ಬಟ್ಟೆ ಅಂಗಡಿಯ ಮನೆತನ. ಕೊರಳಲ್ಲಿ ಲಿಂಗ, ಒಲೆಯ ಮೇಲೆ ಬೇಳೆ ಸಾರು. ಅಂಥ ಮನೆಯ ಹುಡುಗ ಗಜಕಡ್ಡಿ ಬಿಟ್ಟು ಅರ ಹಿಡಿದದ್ದು ಯಾರಿಗೂ ಹಿಡಿಸಲಿಲ್ಲ. ನನ್ನ ಹೆಂಡತಿ ಗೌರಮ್ಮನಂತೂ ನೆಂಟರೆದುರಿಗೆ, "ಇವ್ರು ಕೋವಿ ಮಾಡ್ತಾರೆ ಕಣ್ರಿ. ಆದ್ರೆ ಮನ್ಯಾಗೆ ಸೊಳ್ಳೆ ಹೊಡ್ಯಾಕೆ ನನ್ನೇ ಕರೀತಾರೆ" ಎಂದು ಹೇಳದೆ ಬಿಟ್ಟವಳಲ್ಲ. ಸುಳ್ಳೇನೂ ಅಲ್ಲ. ನಾನು ಕೋವಿಯಿಂದ ಯಾವ ಪ್ರಾಣಿಯನ್ನೂ ಹೊಡೆದವನಲ್ಲ. ನನಗೆ ಬೇಕಿದ್ದದ್ದು ಎರಡು ಕಬ್ಬಿಣದ ತುಂಡುಗಳು ಒಂದರೊಳಗೊಂದು ಹೇಗೆ ಕೂರುತ್ತವೆ ಎಂಬುದಷ್ಟೆ.

ಹೇಗೆ ಕೂರಿಸುತ್ತಿದ್ದೆವು ಎಂಬುದನ್ನೂ ಹೇಳಿಬಿಡುತ್ತೇನೆ. ಈಗಿನ ಹುಡುಗರ ಕೈಯಲ್ಲಿ ಕೂದಲೆಳೆಯ ಅಳತೆ ಹಿಡಿಯುವ ಸಲಕರಣೆಗಳಿವೆ. ನಮ್ಮ ಕೈಯಲ್ಲಿದ್ದದ್ದು ಹರಳೆಣ್ಣೆ ದೀಪ. ತುಂಡನ್ನು ದೀಪದ ಮೇಲೆ ಹಿಡಿದು ಮಸಿ ಹತ್ತಿಸುವುದು, ಅದರ ಜಾಗದಲ್ಲಿ ಕೂರಿಸಿ ಹೊರಗೆ ತೆಗೆಯುವುದು, ಎಲ್ಲಿ ಮಸಿ ಅಳಿಸಿದೆಯೋ ಅಲ್ಲಿ ತಾಗುತ್ತಿದೆ ಎಂದು ತಿಳಿದು ಅಷ್ಟನ್ನೇ ಅರದಿಂದ ಉಜ್ಜುವುದು. ಮತ್ತೆ ಮಸಿ, ಮತ್ತೆ ಉಜ್ಜುವುದು. ಸಂಜೆ ಮನೆಗೆ ಹೋಗುವಾಗ ಕೋವಿ ಬೆಳ್ಳಗೆ, ನಾವು ಕಪ್ಪಗೆ.

ಇನ್ನು ಆ ಗಿಡ್ಡ ಕೋವಿಯ ವಿಚಾರ. ನನ್ನ ಇಡೀ ನೌಕರಿಯಲ್ಲಿ ಬುಡದಿಂದ ನಾನೇ ಯೋಚಿಸಿ ಮಾಡಿದ ಕೋವಿ ಅದೊಂದೇ. ಉಳಿದದ್ದೆಲ್ಲ ಬೇರೆಯವರು ಮಾಡಿದ್ದನ್ನು ಒರೆಸಿಟ್ಟದ್ದು.

ಒಂದು ದಿನ ನಮ್ಮ ಮೇಲಿನ ಅಧಿಕಾರಿ ರಂಗರಾಯರು ಕರೆಕಳಿಸಿದರು. ಅವರ ಕೊಠಡಿಯಲ್ಲಿ ಕೋಲಿನಂತೆ ಉದ್ದಕ್ಕಿದ್ದ ಒಬ್ಬ ದನಗಾಹಿ ಗೋಡೆಗೆ ಅಂಟಿಕೊಂಡು ನಿಂತಿದ್ದ. ಹೆಸರು ಚಿತ್ತಯ್ಯ. ಹೊಸದುರ್ಗದ ಸೀಮೆಯಲ್ಲಿ, ಬಾಗೂರಿನಾಚೆ, ಅರಮನೆಯ ದನ ಮೇಯುವ ಹುಲ್ಲುಗಾವಲು ಒಂದಿತ್ತು. ಅಂಥದಕ್ಕೆ ನಮ್ಮ ಕಡೆ ಕಾವಲು ಅನ್ನುತ್ತಾರೆ. ಚಿತ್ತಯ್ಯನ ಅಜ್ಜನ ಕಾಲದಿಂದ ಅವರ ಮನೆಯವರೇ ಅದನ್ನು ನೋಡಿಕೊಂಡಿದ್ದರು.

"ಹೇಳಪ್ಪ, ನನಗೆ ಹೇಳಿದ್ದನ್ನೇ ಶಿವಲಿಂಗಪ್ಪನಿಗೂ ಹೇಳು" ಎಂದರು ರಾಯರು.

"ಚಿರತೆ ಬಿದ್ದೈತೆ ಸ್ವಾಮಿ. ಎಳೆ ಕರ ಹಿಡೀತೈತೆ. ಮುಂದ್ಲ ಎಣಿಕೆ ಹೊತ್ಗೆ ಕರ ಕಮ್ಮಿ ಆದ್ರೆ ದನ ಎಲ್ಲಾ ಹಿರಿಯೂರು ಕಡೆ ಕಾವಲಿಗೆ ಹೊಡಕಂಡು ಹೋಗ್ತೀವಿ, ನೀನು ಗುಡ್ಲು ಕಿತ್ಕಳಪ್ಪ ಅಂದವ್ರೆ ದನದ ಇಲಾಖೆಯೋರು."

"ಕೋವಿ ಕೊಟ್ಟಿರಲಿಲ್ಲವೆ?" ಎಂದೆ.

"ಕೊಟ್ಟಿದ್ರು ಸ್ವಾಮಿ. ಉದ್ದನ್ದು. ಒಂದ್ಸಲ ಹೊಡದೆ. ಚಿರತೆ ಹೋತು. ಅದ್ರ ಹಿಂದೇ ದನಾನೂ ಹೋದ್ವು. ಆ ಸದ್ದಿಗೆ ಬೆದರಿ ಓಡಾವಾಗ ತುಳದು ಕೊಂದ ಕರಗಳ ಲೆಕ್ಕಕ್ಕೆ ಚಿರತೇನೇ ವಾಸಿ."

ಅರಮನೆಯ ಆ ದನಗಳನ್ನು ಕಂಡವರಿಗೆ ಇದು ಅತಿಶಯವೆನಿಸದು. ಬೂದು ಮೈ, ಕತ್ತಿಯಂಥ ಕೊಂಬು. ಹಗ್ಗ ಕಾಣದೆ ಬಯಲಲ್ಲೇ ಬೆಳೆದ ಅವು ಅರ್ಧ ದನ, ಅರ್ಧ ಜಿಂಕೆ. ಹಿಡಿಸದ ಸದ್ದು ಕೇಳಿದರೆ ಮೊದಲು ಓಡುತ್ತವೆ, ಆಮೇಲೆ ವಿಚಾರ.

ರಾಯರಿಗೆ ಇಂಥ ತೊಡಕು ಸಿಕ್ಕರೆ ಹಬ್ಬ. ಮೇಜಿನ ಖಾನೆಯಿಂದ ಒಂದು ಪುಟ್ಟ ಕಾಡತೂಸನ್ನು ತೆಗೆದು ನನ್ನ ಅಂಗೈಗೆ ಹಾಕಿದರು. ಕುಳ್ಳಗೆ, ದಪ್ಪಗೆ, ಎಳೆ ಬದನೆಕಾಯಿಯಂತಿತ್ತು. ಅಧಿಕಾರಿಗಳ ಹಳೆಯ ಪಿಸ್ತೂಲುಗಳು ಬದಲಾದ ಮೇಲೆ ಅವುಗಳ ಮದ್ದು ಉಗ್ರಾಣದಲ್ಲಿ ಪೆಟ್ಟಿಗೆಗಟ್ಟಲೆ ಉಳಿದಿತ್ತು. "ಇದನ್ನು ಪಿಸ್ತೂಲಲ್ಲಿ ಹಾರಿಸಿದರೆ ಕಿವಿ ಹರಿಯುತ್ತೆ. ಇದನ್ನೇ ಉದ್ದ ನಳಿಗೆಯಲ್ಲಿ ಹಾರಿಸಿದರೆ? ಇರೋ ಚಿಟಿಕೆ ಮದ್ದು ನಳಿಗೆಯೊಳಗೇ ಸುಸ್ತಾಗಿ, ಹೊರಗೆ ಬರೋ ಹೊತ್ತಿಗೆ ಕೆಮ್ಮಿದ ಹಾಗೆ ಕೇಳಿಸಬೇಕು. ಅಲ್ವೇನ್ರೀ?"

ನನಗೂ ಕುತೂಹಲ ಹತ್ತಿತು. ಕುತೂಹಲದ ಜೊತೆ ಚಿಂತೆ ಹತ್ತುವುದು ನನ್ನ ಜಾಯಮಾನ. ಹಾರದೆ ಹೋದರೆ? ಹಾರಿದ್ದು ಹಿಂದಕ್ಕೆ ಬಂದರೆ? "ಆಗಬಹುದು ಸ್ವಾಮಿ" ಅಂದೆ, ಆಗುವುದಿಲ್ಲ ಎನ್ನುವ ದನಿಯಲ್ಲಿ.

ಉಗ್ರಾಣದಲ್ಲಿ ಮೂಲೆಗೆ ಬಿದ್ದಿದ್ದ ಒಂದು ಅಗುಳಿ ಕೋವಿಯನ್ನು ಆರಿಸಿಕೊಂಡೆ. ಬಾಗಿಲಿನ ಅಗುಳಿಯಂತೆ ಹಿಂದಕ್ಕೆಳೆದು, ಮುಂದಕ್ಕೆ ನೂಕಿ, ಹಿಡಿಯನ್ನು ಕೆಳಕ್ಕೆ ಮಡಿಸಿದರೆ ಮದ್ದು ಒಳಗೆ ಭದ್ರವಾಗುವ ಬಗೆಯದು. ಆದರೆ ಅದು ಹುಟ್ಟಿದ್ದು ಉದ್ದ ಕಾಡತೂಸಿಗೆ. ನಮ್ಮ ಕುಳ್ಳನನ್ನು ಹಾಕಿದರೆ, ಮದುವೆ ಮನೆಯ ಹಾಸಿಗೆಯಲ್ಲಿ ಮಗು ಮಲಗಿಸಿದ ಹಾಗೆ ಎಲ್ಲೆಂದರಲ್ಲಿ ಉರುಳುತ್ತಿತ್ತು. ಅಗುಳಿಯನ್ನೂ ಅದು ಓಡಾಡುವ ದಾರಿಯನ್ನೂ ಗಿಡ್ಡ ಮಾಡಬೇಕಾಯಿತು. ನಳಿಗೆಯ ತುಂಡು ಚಿಕ್ಕಜಾಜೂರಿಗೆ ರೈಲಿನಲ್ಲಿ ಬಂದು ಇಳಿಯಿತು. ಅಲ್ಲಿಂದ ಹೊಳಲ್ಕೆರೆಯ ಮೇಲೆ ಗಾಡಿಯಲ್ಲಿ ತಂದೆವು. ಅದನ್ನು ಕೊರೆಯುವ ಯಂತ್ರ ನಮ್ಮಲ್ಲಿರಲಿಲ್ಲ. ಹಿರಿಯೂರಿನ ಹತ್ತಿರ ಮಾರಿಕಣಿವೆಯಲ್ಲಿ ಆಗ ಕಟ್ಟೆಯ ಕೆಲಸ ನಡೆಯುತ್ತಿತ್ತು. ಅಲ್ಲಿನ ಯಂತ್ರ ಬಿಡುವಾದಾಗ ಕೊರೆಸಿಕೊಳ್ಳಿ ಎಂದು ಅಪ್ಪಣೆ ಸಿಕ್ಕಿತು. ಅಲ್ಲಿ ಕಣಿವೆಗೆ ಅಡ್ಡ ಗೋಡೆ ಏಳುವುದನ್ನು ನೋಡಲು ಸೀಮೆಯ ಜನವೆಲ್ಲ ಬರುತ್ತಿದ್ದರು. ನಾನು ಮಾತ್ರ ಅದಕ್ಕೆ ಬೆನ್ನು ಹಾಕಿ, ಹೆಬ್ಬೆರಳು ಗಾತ್ರದ ತೂತನ್ನು ನೋಡುತ್ತ ಕೂತಿದ್ದೆ. ಇಂಥವನಿಗೇ ಉಗ್ರಾಣದ ಕೆಲಸ ಸರಿ.

ಕೋವಿಯ ಮರದ ಕೆಲಸ ಹುಸೇನಿಯದು. ನಮ್ಮ ಬಡಗಿ. ಕೈ ಎಷ್ಟು ಚುರುಕೋ ಬಾಯಿಯೂ ಅಷ್ಟೇ. ಚಿತ್ತಯ್ಯನನ್ನು ನಿಲ್ಲಿಸಿ ಮೊಣಕೈ, ಭುಜ, ಕತ್ತು ಎಲ್ಲ ದಾರ ಹಿಡಿದು ಅಳೆದೆವು. ದರ್ಜಿಗಳೂ ಹಾಗೆ ಅಳೆಯುವುದಿಲ್ಲ. ಹಿಂಬದಿಯ ಮರ ಅಳತೆಗೆ ಸರಿಯಾಗಿ ಕೂತಿತು. ಚಿತ್ತಯ್ಯ ಭುಜಕ್ಕಿಟ್ಟರೆ ಅವನ ಮೈಯಲ್ಲೇ ಬೆಳೆದಂತೆ ಕಾಣುತ್ತಿತ್ತು. ನಾನು ರಾಯರಿಗೆ ತೋರಿಸಿ ಬೆನ್ನು ತಟ್ಟಿಸಿಕೊಂಡೆ. ಕೋವಿ ಹಿಡಿದು ಅವನು ಹೊರಗೆ ಹೋದ. ಜಗಲಿಯ ಮೇಲೆ ಮಡಿಸಿಟ್ಟಿದ್ದ ಕರಿಕಂಬಳಿಯನ್ನು ತೆಗೆದು ನಾಲ್ಕು ಪದರ ಮಾಡಿ ಭುಜಕ್ಕೆ ಹಾಕಿಕೊಂಡ. ಇನ್ನೊಮ್ಮೆ ನೋಡೋಣವೆಂದು ಕೋವಿ ಎತ್ತಿದ. ಮರ ಭುಜಕ್ಕೆ ಕೂರದೆ ನೇರ ದವಡೆಗೆ ಹೋಯಿತು.

"ಲೇ, ಕಂಬಳಿ ಎಲ್ಲಿತ್ತಲೇ ಅವತ್ತು?" ಎಂದ ಹುಸೇನಿ.

"ಹೊರಗೆ."

"ಯಾಕೆ?"

"ಸಾಹೇಬ್ರ ಮುಂದೆ ಕಂಬಳಿ ಹೊದ್ಕಂಡು ನಿಂತ್ಕಳಾಕಾಗ್ತೈತಾ? ಮರ್ವಾದಿ ಬ್ಯಾಡ್ವಾ?"

ಮರ್ಯಾದೆಯ ಮನುಷ್ಯನನ್ನು ಅಳೆದು ಮರ್ಯಾದೆಯ ಕೋವಿ ಮಾಡಿದ್ದೆವು. ಕಾವಲಿನಲ್ಲಿ ಅವನು ಕಂಬಳಿ ಇಳಿಸುವುದು ಸ್ನಾನಕ್ಕೆ ಮಾತ್ರ. ಹುಸೇನಿ ನಗುತ್ತ ಗರಗಸ ತಂದ. ಕೊಯ್ದ ಮರದ ಚೂರು ಬಹಳ ಕಾಲ ನಮ್ಮ ಬಾಗಿಲಿಗೆ ಒತ್ತುಗಲ್ಲಾಗಿತ್ತು. ಯಾರಾದರೂ ಅಳತೆಗೆ ಬಂದರೆ ಅವನು ಅದನ್ನು ಕಾಲಿಂದ ಒದ್ದು ತೋರಿಸಿ, "ಕಂಬಳಿ ಹೊದ್ಕಂಡು ನಿಂತ್ಕಳ್ರಿ" ಅನ್ನುತ್ತಿದ್ದ.

ಆಮೇಲೆ ಸದ್ದಿನ ಪರೀಕ್ಷೆ. ಜೋಗಿಮಟ್ಟಿಯ ಬುಡದಲ್ಲಿ ನಾನು ಹಾರಿಸುವುದು, ದೂರದ ಬಂಡೆಯ ಮೇಲೆ ನಿಂತ ಹುಸೇನಿ ಸದ್ದು ಕೇಳಿಸಿದರೆ ವಸ್ತ್ರ ಬೀಸುವುದು ಎಂದು ಗೊತ್ತುಮಾಡಿದೆವು. ಮೊದಲನೆಯದನ್ನು ನಾನು ಕೈಯಿಂದ ಹಾರಿಸಲಿಲ್ಲ. ಕೋವಿಯನ್ನು ಮರಕ್ಕೆ ಬಿಗಿದು, ಹಗ್ಗ ಕಟ್ಟಿ, ಬಂಡೆಯ ಹಿಂದೆ ಅಡಗಿ ಎಳೆದೆ. ರಾಯರು ಇದಕ್ಕೆ ಮುನ್ನೆಚ್ಚರಿಕೆ ಎಂದರು. ಗೌರಮ್ಮ ಕೇಳಿದ್ದರೆ ಬೇರೆ ಹೆಸರಿಡುತ್ತಿದ್ದಳು. ಕೋವಿ ನಿಜಕ್ಕೂ ಕೆಮ್ಮಿತು ಅಷ್ಟೆ. ವಸ್ತ್ರ ಅಲುಗಲಿಲ್ಲ. ಮತ್ತೆ ಹಾರಿಸಿದೆ. ಅಲುಗಲಿಲ್ಲ. ರಾಯರು ನನ್ನ ಕೈ ಹಿಡಿದು ಕುಲುಕಿದರು. ಹುಸೇನಿ ಇಳಿದು ಬಂದ ಮೇಲೆ ನಾನು, "ಏನೂ ಕೇಳಿಸಲೇ ಇಲ್ವೇನೋ?" ಎಂದೆ.

"ಕೇಳ್ತು ಶಿವಲಿಂಗಣ್ಣ. ಕೇಳ್ತು ಅಂದ್ರೆ ನೀನು ಚಿಂತಿ ಮಾಡ್ತಾ ಕುಂತ್ಕಂತೀಯ. ಅದ್ಕೇ ಬೀಸಲಿಲ್ಲ."

ಪರೀಕ್ಷೆಗೆ ಗೆಳೆಯರನ್ನು ನಿಲ್ಲಿಸಬೇಡಿ ಎಂದು ಹುಡುಗರಿಗೆ ನಾನು ಹೇಳುವುದು ಇದಕ್ಕೇ. ಮತ್ತೆ ಪರೀಕ್ಷೆ ಮಾಡಿದೆವು. ಕಟ್ಟಿಗೆ ಮುರಿದಷ್ಟು ಸದ್ದು, ಅಷ್ಟೇ. ಕಟ್ಟಿಗೆ ಮುರಿದರೆ ಯಾವ ದನವೂ ಓಡುವುದಿಲ್ಲ.

ಹೀಗೆ ಧೈರ್ಯವಾಗಿ ಬಾಗೂರಿನ ಕಡೆ ಹೊರಟೆವು. ಹುಲ್ಲು ಮೊಳಕಾಲುದ್ದ ಬೆಳೆದಿತ್ತು. ದನ ಹರಡಿಕೊಂಡು ಮೇಯುತ್ತಿದ್ದವು. ರಾಯರು ಛತ್ರಿ ಬಿಚ್ಚಿ ನಿಂತರು. ದನದ ಇಲಾಖೆಯಿಂದಲೂ ಒಬ್ಬ ಅಧಿಕಾರಿ ಕುದುರೆಯ ಮೇಲೆ ಬಂದಿದ್ದರು. ಚಿತ್ತಯ್ಯನಿಗೆ ಗುಡಿಸಲು ಕೀಳು ಎಂದಿದ್ದವರು ಅವರೇ. ಚಿತ್ತಯ್ಯ ಕಾಡತೂಸನ್ನು ಇಟ್ಟು ಅಗುಳಿಯನ್ನು ನೂಕಿ ಮಡಿಸಿದ. ಕಟಕ್-ಕಟ್.

ಇಡೀ ಹಿಂಡು ಒಮ್ಮೆಗೇ ತಲೆ ಎತ್ತಿತು. ಮರುಕ್ಷಣ ಬಯಲಿಗೆ ಬಯಲೇ ಎದ್ದು ಓಡಿತು. ಅಧಿಕಾರಿಗಳ ಕುದುರೆ ಹಿಂಡಿನ ಜೊತೆಯೇ ಹೋಯಿತು, ಅಧಿಕಾರಿಗಳ ಸಮೇತ. ರಾಯರು ಛತ್ರಿಯನ್ನು ಗುರಾಣಿಯಂತೆ ಹಿಡಿದು ನಿಂತಿದ್ದರಂತೆ. ನಾನು ನೋಡಲಿಲ್ಲ; ಆ ಹೊತ್ತಿಗೆ ಒಂದು ಜಾಲಿ ಮರದ ಮೇಲಿದ್ದೆ. ಮುಳ್ಳು ಚುಚ್ಚಿದ್ದು ಇಳಿಯುವಾಗ ಗೊತ್ತಾಯಿತು.

ಧೂಳು ಅಡಗಿದ ಮೇಲೆ ಚಿತ್ತಯ್ಯ ಕೋವಿಯನ್ನು ತಿರುಗಿಸಿ ಮುರುಗಿಸಿ ನೋಡುತ್ತಿದ್ದ. "ನಾನು ಹೊಡದೇ ಇಲ್ವಲ್ಲ ಸ್ವಾಮಿ! ಹೊಡದಿದ್ರೆ ಬೇರೆ ಮಾತು. ಹೊಡೀದೇನೇ ಯಾಕೋಡಿದ್ವು?"

ಅಧಿಕಾರಿಗಳು ಬೇರೆ ದಾರಿಯಿಂದ ವಾಪಸು ಬಂದು, ತಲೆಯ ಹುಲ್ಲು ಕೊಡವಿಕೊಂಡು, "ಎಣಿಕೆ ಹತ್ತಿರ ಬಂತು ಚಿತ್ತಯ್ಯ, ಗಾಡಿ ನೋಡಿಕೊ" ಎಂದಷ್ಟೇ ಹೇಳಿ ಹೊರಟುಹೋದರು. ಚಿತ್ತಯ್ಯ ತನ್ನ ಗುಡಿಸಲ ಕಡೆ ಒಮ್ಮೆ ನೋಡಿದ. ಬಾಗಿಲಲ್ಲಿ ಅವನ ಹೆಂಡತಿ ನಿಂತಿದ್ದಳು. ಮಾತು ಕೇಳಿಸುವ ದೂರವಲ್ಲ. ಆದರೂ ಆಕೆ ಸೆರಗು ಬಾಯಿಗೆ ಹಿಡಿದು ಒಳಗೆ ಹೋದಳು.

ರಾಯರು ನನ್ನನ್ನು ಬೈಯಲಿಲ್ಲ. "ಯಾಕೋಡಿದವು ಅಂತ ತಿಳಿಯೋವರೆಗೆ ಇಲ್ಲೇ ಇರಿ" ಎಂದು ಬಿಟ್ಟುಹೋದರು. ಬೈದಿದ್ದರೆ ಊರಿಗಾದರೂ ಹೋಗಬಹುದಿತ್ತು.

ಅಲ್ಲೇ ಉಳಿದೆ. ಚಿತ್ತಯ್ಯನ ಮನೆಯ ರಾಗಿಮುದ್ದೆ ತಿಂದು, ದನಗಳ ಹಿಂದೆ ಅಲೆಯುತ್ತ, ಸಿಕ್ಕಿದ್ದೆಲ್ಲ ಬಡಿದು ನೋಡಿದೆ. ಕಲ್ಲಿಗೆ ಕಲ್ಲು ತಟ್ಟಿದೆ, ತಿರುಗಿ ನೋಡಲಿಲ್ಲ. ಅಡಕತ್ತರಿ ಕಟಕಟ ಅನ್ನಿಸಿದೆ, ಕಿವಿ ಅಲುಗಿಸಿದವು ಅಷ್ಟೆ. ಹಿತ್ತಾಳೆ ಚೊಂಬನ್ನು ಹಿತ್ತಾಳೆ ತಟ್ಟೆಗೆ ಬಡಿದಾಗ ಒಂದು ಮುದಿ ಹಸು ನಾಲ್ಕು ಹೆಜ್ಜೆ ನನ್ನ ಕಡೆ ಬಂದು, ಮುಖ ನೋಡಿ, ನಿರಾಶೆಯಾದಂತೆ ವಾಪಸು ಹೋಯಿತು. ಚಿತ್ತಯ್ಯನ ಹೆಂಡತಿ ಗಂಡನಿಗೆ, "ಇವ್ರು ಕೋವಿ ಮಾಡೋರಾ, ದಾಸಯ್ಯನಾ?" ಎಂದು ಕೇಳುವುದು ಎಡಗಿವಿಗೆ ಚೆನ್ನಾಗಿಯೇ ಕೇಳಿಸಿತು.

ಕೊನೆಗೆ ಗುಟ್ಟು ಬಯಲಾದದ್ದು ನನ್ನ ಬುದ್ಧಿಯಿಂದಲ್ಲ, ನನ್ನ ರೋಗದಿಂದ. ತೆರೆದ ಬಾಗಿಲು ಕಂಡರೆ ಮುಚ್ಚದೆ ನನಗೆ ಮುಂದೆ ಹೋಗಲಾಗದು. ಕಾವಲಿನ ಅಂಚಿನಲ್ಲಿ ಕಲ್ಲುಗೋಡೆಯ ದೊಡ್ಡಿಯೊಂದಿತ್ತು. ವರ್ಷಕ್ಕೊಮ್ಮೆ ದನ ಕೂಡಿಹಾಕಿ, ಎಣಿಸಿ, ಕಾದ ಕಬ್ಬಿಣದಿಂದ ಅರಮನೆಯ ಮುದ್ರೆ ಒತ್ತುವ ಜಾಗ. ಉಳಿದ ದಿನವೆಲ್ಲ ಅದರ ಬಾಗಿಲು ಬಾಯಿ ತೆರೆದುಕೊಂಡೇ ಇರುತ್ತಿತ್ತು. ಒಳಗೆ ಏನೂ ಇಲ್ಲ. ಕದಿಯುವವನಿಗೆ ಗಾಳಿ ಮಾತ್ರ ಸಿಕ್ಕೀತು. ಆದರೂ ನಾನು ಹೋಗಿ ಬಾಗಿಲೆಳೆದು ಅದರ ಕಬ್ಬಿಣದ ಪಟ್ಟಿಯನ್ನು ನೂಕಿ ಕೊಂಡಿಗೆ ಬೀಳಿಸಿದೆ. ಕಟಕ್-ಕಟ್. ದೂರದ ದಿಬ್ಬದ ಮೇಲೆ ಮೇಯುತ್ತಿದ್ದ ಹಿಂಡು ತಲೆ ಎತ್ತಿತು. ದಿಬ್ಬ ಖಾಲಿಯಾಯಿತು.

"ಅಯ್ಯೋ!" ಎಂದು ಚಿತ್ತಯ್ಯ ಹಣೆ ಹಣೆ ಚಚ್ಚಿಕೊಂಡ. "ಸುಡಾ ಕಬ್ಣ ಬರೋ ಮುಂಚೆ ಅವುಕ್ಕೆ ಕೇಳ್ಸಾದು ಈ ಸದ್ದೇ ಅಲ್ವಾ ಸ್ವಾಮಿ!"

ಗುಂಡಿನ ಸದ್ದನ್ನು ಅಡಗಿಸಲು ಅಷ್ಟು ದಿನ ಮಸಿ ಮೆತ್ತಿಕೊಂಡಿದ್ದೆವು. ದನಗಳಿಗೆ ಅದಕ್ಕಿಂತ ದೊಡ್ಡ ಭಯ ಬೇರೆಯೇ ಇತ್ತು. ಕಬ್ಬಿಣದ ಅಗುಳಿ ಹಾಗೆ ಎರಡು ಸಲ ತಾಗಿದರೆ ಅವುಗಳ ತೊಡೆ ಉರಿಯುತ್ತಿತ್ತು. ಅವಕ್ಕೂ ನನ್ನಂಥದೇ ಕಾಯಿಲೆ ಎಂದು ತಿಳಿದು ಮೊದಲ ಬಾರಿಗೆ ಆ ದನಗಳ ಮೇಲೆ ಅಕ್ಕರೆ ಬಂತು.

ಅಗುಳಿಗೆ ಮೊದಲು ತೊಗಲು ಹಚ್ಚಿ ನೋಡಿದೆ; ಸವೆದುಹೋಯಿತು. ಹಿತ್ತಾಳೆಗೆ ಬೆದರಲಿಲ್ಲವಲ್ಲ ಎಂದು ನೆನಪಾಯಿತು. ಅಗುಳಿಯ ಹಿಡಿಗೂ ಅದು ಬಂದು ತಾಗುವ ಜಾಗಕ್ಕೂ ಹಿತ್ತಾಳೆ ಕೂರಿಸಿದರೆ ಕಬ್ಬಿಣದ ಸೊಲ್ಲೇ ಅಡಗುತ್ತದೆ. ಮದ್ದಿನ ಒತ್ತಡ ತಡೆಯುವ ಕಡೆ ಕಬ್ಬಿಣವೇ ಇರಲಿ, ಸದ್ದು ಮಾಡುವ ಕಡೆ ಮಾತ್ರ ಹಿತ್ತಾಳೆ ಎಂದು ಲೆಕ್ಕ ಹಾಕಿದೆ. ಚಿತ್ತಯ್ಯನ ಹೆಂಡತಿ ಮೂಲೆಯಿಂದ ಬಿರುಕು ಬಿಟ್ಟ ಒಂದು ದೊಡ್ಡ ಗಂಟೆ ತಂದುಕೊಟ್ಟಳು. "ಉಪ್ಪು ಹಾಕಾವಾಗ ದನ ಕರ್ಯಾಕೆ ಬಡೀತಿದ್ವಿ. ಸೀಳೈತೆ. ತಗಂಡೋಗ್ರಿ." ನಾನು ಸಂತೋಷದಿಂದ ತೆಗೆದುಕೊಂಡೆ. ಹಿತ್ತಾಳೆ ಒಳ್ಳೆಯದಿತ್ತು. ನಾನು ನೋಡಿದ್ದು ಅದನ್ನಷ್ಟೇ.

ದುರ್ಗದಲ್ಲಿ ಕರಗಿಸಿ, ಎರಕ ಹೊಯ್ದು, ಮಸಿ ಹಚ್ಚಿ ಕೂರಿಸಿದೆ. ಈ ಸಲ ಅಗುಳಿ ಮಡಿಸಿದರೆ 'ಟಣ್-ಟಿಣ್' ಎಂದು, ಕೋವಿಗೆ ಒಪ್ಪದ ಒಂದು ಇಂಪಾದ ದನಿ. ಹುಸೇನಿ, "ಮಂಗಳಾರತಿಗೂ ಆಗ್ತೈತೆ" ಎಂದ. ಮತ್ತೆ ಕಾವಲಿಗೆ ಹೋಗಿ ರಾಯರ ಮುಂದೆ ಪರೀಕ್ಷೆ ಮಾಡಿದೆವು. ದೂರದ ಹಿಂಡು ತಲೆ ಎತ್ತಿತು, ಓಡಲಿಲ್ಲ. ಗುಂಡು ಕೆಮ್ಮಿತು, ಓಡಲಿಲ್ಲ. ಕೆಲವು ದನ ನಮ್ಮ ಕಡೆ ಹೆಜ್ಜೆ ಹಾಕಿದವು. "ನೋಡಿದಿರಾ, ಗೌರವ!" ಎಂದರು ರಾಯರು.

ಕೋವಿ ಚಿತ್ತಯ್ಯನ ಕೈಸೇರಿತು. ನನ್ನ ಕೆಲಸ ಮುಗಿಯಿತು ಎಂದು ಬೇರೆಯವರು ಸುಮ್ಮನಿರುತ್ತಿದ್ದರು. ನನಗೆ ನಿದ್ದೆ ಬರಲಿಲ್ಲ. ಹಿತ್ತಾಳೆ ಸಡಿಲವಾದರೆ? ಸರಿಯಾದ ಹೊತ್ತಿಗೆ ಅಗುಳಿ ಕಚ್ಚಿಕೊಂಡರೆ? ಎಣಿಕೆಗೆ ಕೆಲವೇ ದಿನ ಇರುವಾಗ ರಜೆ ಹಾಕಿ ಮತ್ತೆ ಬಾಗೂರಿನ ಗಾಡಿ ಹತ್ತಿದೆ.

ಹೊತ್ತು ಇಳಿಯುವ ವೇಳೆ. ನಾನೂ ಚಿತ್ತಯ್ಯನೂ ದಿಬ್ಬದ ಮೇಲೆ ಕೂತಿದ್ದೆವು. ಕೆಳಗೆ ಎಳೆಗರುಗಳು ಒಂದು ಕಡೆ ಮಲಗಿದ್ದವು. ತಾಯಿಹಸುಗಳು ಮೇಯುತ್ತ ದೂರ ಹೋಗಿದ್ದವು. ಚಿತ್ತಯ್ಯ ನನ್ನ ತೋಳು ಒತ್ತಿದ. ಹುಲ್ಲು ಒಂದು ಕಡೆ ಗಾಳಿಗೆ ವಿರುದ್ಧ ಬಾಗುತ್ತಿತ್ತು. ಆಮೇಲೆ ಬೆನ್ನು ಕಾಣಿಸಿತು, ಹಳದಿ ಬಣ್ಣ, ಚುಕ್ಕೆ. ಸುತ್ತ ಮರ ಹುಡುಕಿದೆ; ಇರಲಿಲ್ಲ.

ಚಿತ್ತಯ್ಯ ಎದ್ದು ಕರುಗಳ ಕಡೆಗೆ ನಡೆದ. ಓಡಲಿಲ್ಲ, ನಡೆದ. ಚಿರತೆಗೂ ಕರುಗಳಿಗೂ ನಡುವೆ ನಿಂತು ಅಗುಳಿ ಮಡಿಸಿದ. ಟಣ್-ಟಿಣ್. ಕೋವಿ ಎತ್ತಿದ. ಆಗ ದೂರದಲ್ಲಿ ಒಂದು ಹಸು ಕೂಗಿತು. ಇನ್ನೊಂದು ಕೂಗಿತು. ಇಡೀ ಹಿಂಡು ಚಿತ್ತಯ್ಯನ ಕಡೆಗೆ ಬಂತು, ಬಾಲ ಎತ್ತಿಕೊಂಡು, ನುಗ್ಗಿ. ಉಪ್ಪು ತಿನ್ನಲು!

ಅವನು ಗುರಿಯಿಟ್ಟ ಕಡೆಯೆಲ್ಲ ದನ ತುಂಬಿಕೊಂಡವು. ಕೋವಿಯನ್ನು ಆ ಕಡೆ ತಿರುಗಿಸಿದರೆ ಕೊಂಬು, ಈ ಕಡೆ ತಿರುಗಿಸಿದರೆ ಬೆನ್ನು. "ಸರ್ಯೇ! ಸರ್ಯೇ ನಿನ್ನವ್ವನ್!" ಎಂದು ಅವನು ಕೂಗುವುದು ಕೇಳುತ್ತಿತ್ತು. ಗುಂಡು ಹಾರಿಸುವ ಹಾಗಿರಲಿಲ್ಲ. ನನ್ನ ಕೋವಿ ಬೇಕಾದ ಒಂದೇ ಒಂದು ಹೊತ್ತಿನಲ್ಲಿ ಕೆಲಸಕ್ಕೆ ಬಾರದೆ ಹೋಯಿತಲ್ಲ ಎಂದು ನಾನು ತಲೆ ಹಿಡಿದುಕೊಂಡೆ. ಅಷ್ಟರಲ್ಲಿ ಮುಂದಿದ್ದ ಹಸುವಿಗೆ ಚಿರತೆಯ ವಾಸನೆ ಬಡಿಯಿತು. ಮೂಗಿನಿಂದ ಬುಸುಗುಟ್ಟಿತು. ಒಂದರ ಪಕ್ಕ ಒಂದು ನಿಂತು, ಕರುಗಳನ್ನೂ ಚಿತ್ತಯ್ಯನನ್ನೂ ಹಿಂದಕ್ಕೆ ಹಾಕಿಕೊಂಡು, ಇಡೀ ಹಿಂಡು ಕೊಂಬು ತಗ್ಗಿಸಿತು. ಚಿರತೆ ಆ ಬೇಲಿಯನ್ನು ಕ್ಷಣಕಾಲ ನೋಡಿತು. ಆಮೇಲೆ ಬೇರೆ ಕೆಲಸವಿದ್ದಂತೆ ಎದ್ದು ಹೋಯಿತು.

ಅವತ್ತಿನಿಂದ ಚಿತ್ತಯ್ಯ ಸಂಜೆ ಹುಲ್ಲು ಅಲುಗಿದ ಕಡೆಯೆಲ್ಲ ನಿಂತು ಅಗುಳಿ ಆಡಿಸುತ್ತಿದ್ದ. ದನ ಬಂದು ಕರುಗಳ ಸುತ್ತ ನಿಲ್ಲುತ್ತಿದ್ದವು. ಆಮೇಲೆ ಅವನು ಮರೆಯದೆ ಉಪ್ಪು ಹಾಕುತ್ತಿದ್ದ. ಮೋಸ ಮಾಡಿದರೆ ನಾಳೆ ಬರುವುದಿಲ್ಲ ಎಂದು ಅವನ ಭಯ. ಎಣಿಕೆಯ ದಿನ ಕುದುರೆಯ ಅಧಿಕಾರಿಗಳು ಕರುಗಳನ್ನು ಎರಡು ಸಲ ಎಣಿಸಿದರು. ಗುಡಿಸಲಿನ ಮಾತು ಎತ್ತದೆ, ಚಿತ್ತಯ್ಯನ ಹೆಂಡತಿ ಕೊಟ್ಟ ಮಜ್ಜಿಗೆ ಕುಡಿದು ಹೋದರು. ಆಕೆ ಖಾಲಿ ಲೋಟ ಹಿಡಿದು, ಕುದುರೆ ಮರೆಯಾಗುವವರೆಗೂ ಬಾಗಿಲಲ್ಲೇ ನಿಂತಿದ್ದಳು.

ನಡೆದದ್ದನ್ನು ಹೇಳಿದಾಗ ರಂಗರಾಯರು ಬಹಳ ಹೊತ್ತು ನಕ್ಕರು. ಇನ್ನೊಂದು ಅಂಥ ಕೋವಿ ಮಾಡಿಸುವ ಮಾತೆತ್ತಲಿಲ್ಲ. ನನಗೆ ಮಾತ್ರ ಮನಸ್ಸು ಕೊರೆಯುತ್ತಿತ್ತು. ಗುಂಡು ತುಂಬಿದ ವಸ್ತು ಯಾರದೋ ಕೈಯಲ್ಲಿ ಗಂಟೆಯಾಗಿ ಅಲೆಯುತ್ತಿರುವುದು ಸರಿಯೆ? ಒಳ್ಳೆಯ ಕಂಚಿನ ಗಂಟೆಯೊಂದನ್ನು ಕೊಂಡು, ಗಾಡಿ ಹತ್ತಿ, ಚಿತ್ತಯ್ಯನ ಮುಂದೆ ಇಟ್ಟೆ.

"ತಗೋ ಚಿತ್ತಯ್ಯ. ನಿನಗೆ ಬೇಕಾದ ಸದ್ದು ಇದರಲ್ಲೇ ಇದೆ. ಕೋವಿ ವಾಪಸು ಕೊಡು."

ಅವನು ಗಂಟೆಯನ್ನು ಎತ್ತಿ ಒಮ್ಮೆ ಬಾರಿಸಿ ನೋಡಿದ. ಸದ್ದು ಚೆನ್ನಾಗಿತ್ತು, ಆಗಲೇ ಎರಡು ಹಸು ತಿರುಗಿ ನೋಡಿದವು. ಅದನ್ನು ಹೆಂಡತಿಯ ಕೈಗೆ ಕೊಟ್ಟು, ಕಂಬಳಿಯೊಳಗಿನ ಕೋವಿಯನ್ನು ಇನ್ನಷ್ಟು ಒಳಕ್ಕೆ ಎಳೆದುಕೊಂಡ.

"ಗಂಟಿ ಇರ್ಲಿ ಸ್ವಾಮಿ, ದನಕ್ಕೆ ಆಗ್ತೈತೆ. ಆದ್ರೆ ಬರೇ ಗಂಟಿ ಹಿಡ್ಕಂಡು ಚಿರತೆ ಮುಂದೆ ಹೋಗಿ ನಿಂತ್ಕಳಾಕೆ ನನ್ ಕಾಲು ಏಳಬೇಕಲ್ಲ?"

ನಾನು ಬರಿಗೈಯಲ್ಲಿ ಗಾಡಿ ಹತ್ತಿದೆ.